ಶ್ರುತಿ ಹಿಡಿಯುವವನ ಎದೆಯಲ್ಲಿ ತಾಳ

ನಮ್ಮೂರು ಗುರಬಾರ್ಧದ ಗಂಡಸರು ಹಾಡಲು ಕುಳಿತರೆ ಶುಶಿತ್ಸಾ ನದಿ ಹರಿಯುವುದನ್ನು ನಿಲ್ಲಿಸಿ ಕೇಳುತ್ತದೆ. ಇದು ಸುಳ್ಳೆಂದು ಯಾರಾದರೂ ಹೇಳಿದರೆ ಅವರು ಆಚೆ ದಡದ ಕ್ರೋಯಿಜಿ ಊರಿನವರೇ ಇರಬೇಕು. ಆ ಊರಿನ ಮಕ್ಕಳು ಕಿವಿಯಲ್ಲಿ ಉಣ್ಣೆ ತುಂಬಿಕೊಂಡೇ ಹುಟ್ಟುತ್ತವೆ ಎಂಬುದು ಇಡೀ ದಕ್ಷಿಣ ಅಲ್ಬೇನಿಯಾಕ್ಕೆ ಗೊತ್ತಿರುವ ವಿಷಯ.

ಹಾಡುವವರು ಒಬ್ಬರ ಭುಜಕ್ಕೆ ಒಬ್ಬರು ತಾಗಿಕೊಂಡು ಬಳೆಯಂತೆ ಕೂರುತ್ತಾರೆ. ಒಬ್ಬ ಹಾಡನ್ನು ಎತ್ತುತ್ತಾನೆ. ಇನ್ನೊಬ್ಬ ಅದನ್ನು ತಿರುಗಿಸುತ್ತಾನೆ. ಮೂರನೆಯವನು ಅದನ್ನು ಎದುರಿನ ಬೆಟ್ಟಕ್ಕೆ ಎಸೆಯುತ್ತಾನೆ. ಉಳಿದವರೆಲ್ಲ ಶ್ರುತಿ ಹಿಡಿಯುವವರು. ಅವರಿಗೆ ಪದವಿಲ್ಲ, ಅರ್ಥವಿಲ್ಲ, ಹೊಗಳಿಕೆಯಿಲ್ಲ. ಹಾಡು ಶುರುವಾದಾಗ ‘ಏ’ ಎಂದು ಬಾಯಿ ತೆರೆದರೆ ಹಾಡು ಮುಗಿಯುವವರೆಗೆ ಅದೇ ‘ಏ’. ಒಬ್ಬ ಉಸಿರು ಕದಿಯುವಾಗ ಪಕ್ಕದವನು ಹಿಡಿದಿರಬೇಕು. ಇಬ್ಬರು ಒಟ್ಟಿಗೆ ಕದ್ದರೆ ಶ್ರುತಿಗೆ ತೂತು ಬೀಳುತ್ತದೆ, ತೂತು ಬಿದ್ದ ಶ್ರುತಿಗಿಂತ ಸೋರುವ ಸೂರು ವಾಸಿ. ಇನ್ನು ತಾಳವೆಂಬ ಪದಾರ್ಥ ಈ ಕಣಿವೆಯಲ್ಲಿ ಬೆಳೆಯುವುದೇ ಇಲ್ಲ. ನಮ್ಮ ಹಾಡನ್ನು ಎಣಿಸುವಂತಿಲ್ಲ. ಒಮ್ಮೆ ಪಟ್ಟಣದಿಂದ ಬಂದ ಅತಿಥಿಯೊಬ್ಬ ಹಾಡಿಗೆ ಚಪ್ಪಾಳೆ ತಟ್ಟಿದನೆಂದು ಅವನನ್ನು ಊಟ ಹಾಕದೆ ಕಳಿಸಿದ್ದರು. ಅತಿಥಿಯನ್ನು ಉಪವಾಸ ಕಳಿಸುವುದೆಂದರೆ ನಮ್ಮಲ್ಲಿ ಬಂದೂಕು ಹಾರಿಸಿದ್ದಕ್ಕಿಂತ ದೊಡ್ಡ ಮಾತು.

ಈ ಬಳೆಯಲ್ಲಿ ಶ್ರುತಿ ಹಿಡಿಯುವವರಿಗೆಲ್ಲ ಹಿರಿಯ ರಾಪೊ. ಕಸುಬಿನಿಂದ ಕಲ್ಲುಗೋಡೆ ಕಟ್ಟುವವನು. ಅವನು ಕಟ್ಟಿದ ಗೋಡೆಗೆ ಭೂಕಂಪವೇ ಹೆದರಿ ಪಕ್ಕದ ಊರಿಗೆ ಹೋಗುತ್ತಿತ್ತು. ಹುಡುಗಪ್ರಾಯದಿಂದ ಐವತ್ತೆಂಟರವರೆಗೆ ಅವನು ಹಾಡಿನ ಒಂದೇ ಒಂದು ಪದ ಹಾಡಿದವನಲ್ಲ. ಹಾಡಿನಲ್ಲಿ ಏನಿದೆ ಎಂದು ಕೇಳಿದರೆ, "ಅದು ಸಾಡೊನ ಕೆಲಸ, ಅವನ್ನೇ ಕೇಳಿ" ಎನ್ನುತ್ತಿದ್ದ. ಸಾಡೊ ಎಂದರೆ ಹಾಡು ಎತ್ತುವವನು, ರಾಪೊನ ಹೆಂಡತಿ ಹಾನ್ಕೊಳ ಅಣ್ಣ. ಸಾಡೊನ ಮೀಸೆ ಎಷ್ಟು ದೊಡ್ಡದೆಂದರೆ ಅವನು ಬಾಗಿಲು ದಾಟಿ ಎಷ್ಟೋ ಹೊತ್ತಾದ ಮೇಲೆ ಅದು ದಾಟುತ್ತಿತ್ತು.

ಬದುಕಿನಲ್ಲಿ ರಾಪೊನಿಗೆ ತನ್ನದೆಂದು ಇದ್ದದ್ದು ಆ ಬಳೆಯಲ್ಲಿ ಒಂದು ಭುಜದಗಲದ ಜಾಗ. ಮೊದಲು ಅಲುಗಿದ್ದೂ ಅದೇ. ಆ ಚಳಿಗಾಲದಲ್ಲಿ ಅವನ ಉಸಿರು ಮೋಟಾಗತೊಡಗಿತು. ಕಲ್ಲು ಎತ್ತಿದರೆ ಏದುಸಿರು, ಮೆಟ್ಟಿಲು ಹತ್ತಿದರೆ ಕಣ್ಣುಕತ್ತಲೆ. ಹಾಡಿನ ನಡುವೆ ನಾಲ್ಕು ಸಲ ಕದಿಯಬೇಕಾದ ಉಸಿರನ್ನು ನಲವತ್ತು ಸಲ ಕದ್ದ. ಕೊನೆಗೊಂದು ಭಾನುವಾರ ಶ್ರುತಿಗೆ ಎಂಥ ತೂತು ಬಿತ್ತೆಂದರೆ ಅದರೊಳಗೆ ಹೇಸರಗತ್ತೆಯನ್ನು ಹೊರೆ ಸಮೇತ ನಡೆಸಬಹುದಿತ್ತು.

ಅಂಗಳದ ಮೂಲೆಯಲ್ಲಿ ಉಣ್ಣೆ ನೂಲುತ್ತಿದ್ದ ಪೆಂಬೆ ಅಜ್ಜಿ ಕದಿರು ನಿಲ್ಲಿಸಿದಳು. ಹಾಡಿನ ವಿಷಯದಲ್ಲಿ ನಮ್ಮಲ್ಲಿ ಪೆಂಬೆ ಅಜ್ಜಿ ಹೇಳಿದ್ದೇ ತೀರ್ಪು. ಅವಳ ಮೇಲೆ ದೇವರಿಗೆ ದೂರು ಕೊಡಬಹುದು, ಆದರೆ ದೇವರೂ ಅವಳನ್ನು ಒಂದು ಮಾತು ಕೇಳಿಯೇ ತೀರ್ಮಾನಿಸುತ್ತಾನೆ.

"ರಾಪೊ, ನಿನ್ನ ಎದೇಲಿ ಏನೋ ಹರಿದಿದೆ ಕಣೋ," ಎಂದಳು. "ಹೋಗಿ ಹೊಲಿಸ್ಕೊಂಡು ಬಾ."

ಹತ್ತಿರದ ಪಟ್ಟಣ ವ್ಲೋರಾದ ಡಾಕ್ಟರು ಎದೆಗೆ ನಳಿಕೆ ಇಟ್ಟು ಕೇಳಿ, ಒಳಗೆ ಗರಗಸ ಎಳೆದಂಥ ಸದ್ದಿದೆ, ಹೃದಯದ ದೊಡ್ಡ ಬಾಗಿಲಿನ ಕವಾಟ ಸುಣ್ಣಗಟ್ಟಿ ಬಿಗಿದುಕೊಂಡಿದೆ, ರಾಜಧಾನಿ ತಿರಾನಾಕ್ಕೆ ಹೋಗಿ ಬೇರೆ ಕವಾಟ ಹಾಕಿಸಿಕೊಳ್ಳದಿದ್ದರೆ ಮುಂದಿನ ಚಳಿಗಾಲ ನೋಡುವುದು ಕಷ್ಟ ಎಂದರು.

ತಿರಾನಾಕ್ಕೆ ಒಬ್ಬನನ್ನೇ ಕಳಿಸುವುದುಂಟೇ? ಬಳೆಗೆ ಬಳೆಯೇ ಹೊರಟಿತು. ಆಸ್ಪತ್ರೆಯ ಕೋಣೆಯಲ್ಲಿ ಹನ್ನೊಂದು ಗಂಡಸರು ಭುಜಕ್ಕೆ ಭುಜ ತಾಗಿಸಿಕೊಂಡು ಕುಳಿತಾಗ ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ ಒಳಗೆ ಬಂದು, ಒಂದು ಸುತ್ತು ನೋಡಿ, "ಇದರಲ್ಲಿ ರೋಗಿ ಯಾರು?" ಎಂದು ಕೇಳಿದಳು.

"ನಾವೇ," ಎಂದ ಸಾಡೊ.

ಡಾಕ್ಟರಮ್ಮ ತಾಳ್ಮೆಯವಳು. "ನೋಡಿ, ಲೋಹದ ವಾಲ್ವ್ ಹಾಕಿದ್ರೆ ಬಹಳ ಕಾಲ ಬಾಳುತ್ತೆ. ಆದ್ರೆ ಬದುಕಿರೋವರೆಗೂ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತಗೋಬೇಕು, ಆಗಾಗ ರಕ್ತಪರೀಕ್ಷೆ ಮಾಡಿಸ್ಬೇಕು. ಪ್ರಾಣಿಯದಾದ್ರೆ ಆ ಕಾಟ ಕಮ್ಮಿ, ಆದ್ರೆ ಹತ್ತು ಹದಿನೈದು ವರ್ಷಕ್ಕೆ ಸವೆದು ಹೋಗುತ್ತೆ. ಇವರ ವಯಸ್ಸಿಗೆ ಎರಡೂ ನಡೆಯುತ್ತೆ. ಅವರೇ ಯೋಚ್ನೆ ಮಾಡಿ ಹೇಳ್ಲಿ."

"ಪ್ರಾಣಿ ಅಂದ್ರೆ ಯಾವ್ದು?"

"ಹಸು ಇಲ್ಲಾ ಹಂದಿ."

"ಹಂದೀದೇ ಹಾಕ್ಸಿ," ಎಂದ ಕಟುಕ ಚೆಲೊ. ಅವನು ಬಳೆಯವನಲ್ಲ, ಬಳೆಗೆ ಸೇರಬೇಕೆಂದು ಹತ್ತು ವರ್ಷದಿಂದ ಹಿಂದೆ ಹಿಂದೆ ತಿರುಗುತ್ತಿದ್ದವನು. "ದಿನಾ ಬಿಚ್ಚಿ ನೋಡ್ತೀನಲ್ಲ, ಹಂದಿ ಹೃದಯದ್ದು ಬಲೇ ಅಚ್ಚುಕಟ್ಟು ಕೆಲಸ."

"ಹಂದಿ ಮುಟ್ಟದ ನಮ್ಮಪ್ಪ ಗೋರಿಯಿಂದ ಎದ್ದು ಬಂದು ಬಡೀತಾನೆ," ಎಂದ ರಾಪೊ.

"ಹಸೂದು ಹಾಕಿಸಿದ್ರೆ ಏರು ಹತ್ತುವಾಗ ಅರ್ಧದಲ್ಲೇ ನಿಂತು ಮೆಲುಕು ಹಾಕುತ್ತೆ," ಎಂದ ಇನ್ನೊಬ್ಬ.

ಸಾಡೊ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದ. "ಹತ್ತು ವರ್ಷಕ್ಕೆ ಸವೆಯೋ ಶ್ರುತಿ ಇಟ್ಕೊಂಡು ಏನ್ ಮಾಡೋಣ? ಲೋಹದ್ದೇ ಇರ್ಲಿ. ಒಪ್ಪಿಗೆ ಇದ್ದೋರು ಕೈ ಎತ್ತಿ."

ಎಲ್ಲರೂ ಎತ್ತಿದರು. ಎಲ್ಲರೂ ಎತ್ತಿದರೆಂದು ರಾಪೊನೂ ಎತ್ತಿದ.

"ಒಂದು ವಿಷಯ," ಎಂದಳು ಡಾಕ್ಟರಮ್ಮ. "ಲೋಹದ್ದು ಮುಚ್ಚುವಾಗ ಟಿಕ್ ಅಂತ ಸದ್ದು ಮಾಡುತ್ತೆ. ಬಾಯಿ ತೆರೆದಾಗ ಅದು ಪಕ್ಕದವರಿಗೂ ಕೇಳಿಸಬಹುದು."

"ಡಾಕ್ಟರಮ್ಮ, ನಮ್ಮೂರಲ್ಲಿ ಆಡಿನ ಕೊರಳಿಗೆ ಕಟ್ಟಿರೋ ಗಂಟೆನೇ ಐದು ಸಾವಿರ," ಎಂದು ನಕ್ಕ ಸಾಡೊ. "ಒಂದು ಟಿಕ್ಕು ಯಾರ ಕಿವಿಗೆ ಬೀಳುತ್ತೆ?"

ಹೃದಯ ತೆರೆಯುವ ಮೊದಲು ಬಾಯಿ ತೆರೆಸಿದರು. ಹುಳುಕು ಹಲ್ಲಿನ ಕೊಳೆ ರಕ್ತದಲ್ಲಿ ಸೇರಿ ಹೊಸ ಕವಾಟಕ್ಕೆ ಅಂಟಬಾರದೆಂದು ಮೇಲಿನ ಎರಡು ಮುಂದಿನ ಹಲ್ಲು ಕಿತ್ತರು. ಆಮೇಲೆ ಎದೆಯ ಮೂಳೆ ಕೊಯ್ದು, ಹೃದಯವನ್ನು ನಿಲ್ಲಿಸಿ, ಬಾಗಿಲು ಬದಲಿಸಿ, ಮತ್ತೆ ಹೊರಡಿಸಿ, ಮೂಳೆಯನ್ನು ಉಕ್ಕಿನ ತಂತಿಯಿಂದ ಬಿಗಿದರು. ಅಷ್ಟೂ ಹೊತ್ತು ಬಳೆಯವರು ಆಸ್ಪತ್ರೆಯ ಹಿತ್ತಲಲ್ಲಿ ಕುಳಿತು ಬರೀ ಶ್ರುತಿ ಹಿಡಿದಿದ್ದರು. ಕಾವಲುಗಾರ ಓಡಿಸಲು ಬಂದವನು ಬಿಟ್ಟು ಹೋಗಲಾಗದೆ ತಾನೂ ಕುಳಿತು ‘ಏ’ ಎಂದನಂತೆ. ಕ್ರೋಯಿಜಿಯವರು ಇದನ್ನು ನಂಬುವುದಿಲ್ಲ. ಅವರು ತಿರಾನಾ ಎಂಬ ಊರಿದೆ ಎಂಬುದನ್ನೂ ನಂಬುವುದಿಲ್ಲ.

ಮನೆಗೆ ಬಂದ ರಾಪೊನನ್ನು ಹಾನ್ಕೊ ಹೊಸದಾಗಿ ಗಾರೆ ಮಾಡಿದ ಗೋಡೆಯಂತೆ ನೋಡಿಕೊಂಡಳು. ಮೂಳೆ ಕೂಡುವವರೆಗೆ ಚಹಾದ ಕೆಟಲ್‌ಗಿಂತ ಭಾರವಾದದ್ದನ್ನು ಎತ್ತುವಂತಿಲ್ಲ, ಅಂಗಾತವೇ ಮಲಗಬೇಕು, ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಬೇಕು. ನೋಡಲು ಬಂದವರೆಲ್ಲ ನಮ್ಮ ಪದ್ಧತಿಯಂತೆ ತಬ್ಬಿ, ಬೆನ್ನಿಗೆ ನಾಲ್ಕು ಗುದ್ದಿ, ಎರಡೂ ಕೆನ್ನೆಗೆ ಮುತ್ತಿಡುವವರೇ. ಹಾನ್ಕೊ ಒಲೆಯ ಸಲಾಕೆ ಹಿಡಿದು ಬಾಗಿಲಲ್ಲಿ ನಿಂತಳು.

"ತಬ್ಬೋರು ನನ್ನ ತಬ್ಬಿ. ಅವನ್ನ ಕಣ್ಣಲ್ಲಿ ನೋಡಿ, ಕಾಫಿ ಕುಡೀರಿ, ಹೊರಡಿ."

ಸೊಪ್ಪಿನ ವಿಷಯದಲ್ಲಂತೂ ಅವಳು ಅಕ್ಕಸಾಲಿಗಿತ್ತಿಯೇ ಆದಳು. ಸೊಪ್ಪು ಹೆಚ್ಚಾದರೆ ಮಾತ್ರೆ ಸೋಲುತ್ತದೆ, ಕಮ್ಮಿಯಾದರೆ ಮಾತ್ರೆ ಮೆರೆಯುತ್ತದೆ, ದಿನಾ ಒಂದೇ ಅಳತೆ ಇರಲಿ ಎಂದಿದ್ದಳು ಡಾಕ್ಟರಮ್ಮ. ಬೆಟ್ಟದ ಸೊಪ್ಪು ತುಂಬಿದ ಬ್ಯೂರೆಕ್ ಎಂಬ ಪದರದ ಕಡುಬು ಬೇಯಿಸುವಾಗ ಹಾನ್ಕೊ ಒಂದೊಂದು ಎಲೆಯನ್ನೂ ಬೆಳಕಿಗೆ ಹಿಡಿದು ನೋಡಿ, "ನೀನು ನಾಳೆಗೆ" ಎಂದು ಪಕ್ಕಕ್ಕಿಡುತ್ತಿದ್ದಳು.

ಟಿಕ್ಕು ಮೊದಲು ಕೇಳಿಸಿದ್ದು ಊಟದ ಹೊತ್ತಿಗೆ. ರಾಪೊ ಮಜ್ಜಿಗೆ ಕುಡಿಯಲು ಬಾಯಿ ತೆರೆದ. ಟಿಕ್. ಟಿಕ್. ಟಿಕ್.

ಹಾನ್ಕೊ ಗೋಡೆ ನೋಡಿದಳು. ಆ ಮನೆಯಲ್ಲಿ ಗಡಿಯಾರವೇ ಇರಲಿಲ್ಲ. ಬೆಕ್ಕು ರಾಪೊನ ಮುಂದೆ ಬಂದು ಕುಳಿತು, ಇಲಿ ಹೊರಬರುವುದನ್ನು ಕಾಯುವಂತೆ ಅವನ ಬಾಯನ್ನೇ ದಿಟ್ಟಿಸಿತು.

"ಬಾಯಿ ಮುಚ್ಚು," ಎಂದಳು ಹಾನ್ಕೊ. ಮುಚ್ಚಿದ. ಸದ್ದು ಅಡಗಿತು. "ತೆರಿ." ತೆರೆದ. ಟಿಕ್, ಟಿಕ್.

"ಅಯ್ಯೋ ಮಾರಾಯ, ಒಳಗೆ ಯಾರೋ ಬಾಗಿಲು ತಟ್ತಿದಾರೆ!"

"ತಟ್ತಿಲ್ಲ ಕಣೆ, ಮುಚ್ತಿದಾರೆ," ಎಂದ ರಾಪೊ. ಆದರೆ ಅವನ ಮುಖ ಬಿಳಿಚಿಕೊಂಡಿತ್ತು. ಅವನಿಗೆ ನೆನಪಾದದ್ದು ತನ್ನ ಪ್ರಾಣವಲ್ಲ. ಶ್ರುತಿ ಹಿಡಿಯುವವನು ಹಾಡಿನುದ್ದಕ್ಕೂ ಬಾಯಿ ತೆರೆದೇ ಇರಬೇಕು. ಮೇಲಾಗಿ ಎರಡು ಹಲ್ಲು ಹೋದ ಜಾಗ ಆ ಸದ್ದಿಗೆ ಕಿಟಕಿಯಾಗಿತ್ತು.

ಕೆಲವೇ ದಿನದಲ್ಲಿ ಆ ಟಿಕ್ಕಿನ ಖ್ಯಾತಿ ಊರೆಲ್ಲ ಹಬ್ಬಿತು. ರಾಪೊ ಆಕಳಿಸಿದರೆ ನೆರೆಮನೆಯ ಕತ್ತೆ ಹೆಜ್ಜೆ ಸರಿಪಡಿಸಿಕೊಳ್ಳುತ್ತಿತ್ತು. ಕೋಳಿಗಳು ಸಾಲಾಗಿ ನಡೆಯತೊಡಗಿದವು. ಮರಕುಟಿಗವೊಂದು ಮೂರು ದಿನ ಅವನ ಮನೆಯ ಮಾಡಿನ ಮೇಲೆ ಕುಳಿತು ಉತ್ತರ ಕೊಟ್ಟು, ಸೋತು, ಬೇರೆ ಕಾಡಿಗೆ ಹೋಯಿತು.

ಮೂಳೆ ಕೂಡಿ, ರಾಪೊ ತಾನೇ ನಡೆದು ಚೌಕದ ಚಿನಾರ್ ಮರದವರೆಗೆ ಹೋಗಿ ಬರುವಷ್ಟಾದ. ಏರಿನಲ್ಲೂ ಉಸಿರು ಸಿಗುತ್ತಿತ್ತು. ಇಪ್ಪತ್ತು ವರ್ಷ ಹಿಂದಿನ ಉಸಿರು! ಆ ಬೇಸಿಗೆಯಲ್ಲಿ ಸಾಡೊನ ಮಗನ ಮದುವೆ. ಹೆಣ್ಣು ಬೇರೆಲ್ಲಿಯದೂ ಅಲ್ಲ, ಕ್ರೋಯಿಜಿಯದು. ಎರಡೂ ಊರಿನ ಬಳೆಗಳು ಎದುರುಬದುರು ಕುಳಿತು ಹಾಡಬೇಕು. ಅದಕ್ಕೆಂದು ಸಾಡೊನ ಅಂಗಳದಲ್ಲಿ ಅಭ್ಯಾಸಕ್ಕೆ ಕರೆ ಬಂತು.

ಎತ್ತಿಕೊಂಡದ್ದು ಕಣಿವೆಯಲ್ಲಿ ಗುಂಡು ತಿಂದ ವೀರನ ಹಾಡು. ಆ ವೀರ ಸಾಯಲು ಯಾವತ್ತೂ ಒಂದು ಗಂಟೆ ತೆಗೆದುಕೊಳ್ಳುತ್ತಾನೆ. ತಾಯಿಗೆ ಹೇಳಬೇಕು, ಕುದುರೆಗೆ ಹೇಳಬೇಕು, ಬೆಟ್ಟಗಳಿಗೆ ಒಂದೊಂದಕ್ಕೂ ಹೆಸರು ಹಿಡಿದು ಹೇಳಬೇಕು. ಸಾಡೊ ಹಾಡು ಎತ್ತಿದ. ರಾಪೊ ‘ಏ’ ಎಂದ. ಎಂಥ ‘ಏ’! ಬೆಟ್ಟದ ಬುಡವೇ ಬಾಯಿಬಿಟ್ಟಂತೆ. ಬಳೆಯವರ ಕಣ್ಣಲ್ಲಿ ನೀರು ಬಂತು.

ಆಮೇಲೆ ಟಿಕ್ಕು ಶುರುವಾಯಿತು.

ಮೊದಲು ಯಾರೂ ಗಮನಿಸಲಿಲ್ಲ. ಆದರೆ ಅವರ ನಾಲಿಗೆಗಳು ಗಮನಿಸಿದವು. ಎಸೆಯುವವನು ಟಿಕ್ಕಿಗೆ ಸರಿಯಾಗಿ ಎಸೆದ. ತಿರುಗಿಸುವವನು ಟಿಕ್ಕಿಗೆ ಸರಿಯಾಗಿ ತಿರುಗಿಸಿದ. ಇದೇನಾಗುತ್ತಿದೆ ಎಂದು ರಾಪೊನಿಗೆ ಗಾಬರಿಯಾಯಿತು, ಗಾಬರಿಗೆ ಎದೆ ಬೇಗ ಬಡಿಯಿತು, ಟಿಕ್ಕು ಬೇಗವಾಯಿತು, ಹಾಡು ಬೇಗವಾಯಿತು, ಹಾಡಿನ ವೇಗಕ್ಕೆ ರಾಪೊ ಇನ್ನೂ ಗಾಬರಿಗೊಂಡ. ವೀರ ಗುಂಡು ತಿಂದ, ತಾಯಿಗೆ ಅರ್ಧ ಮಾತು ಹೇಳಿದ, ಕುದುರೆಗೆ ತಲೆಯಾಡಿಸಿದ, ಬೆಟ್ಟಗಳನ್ನೆಲ್ಲ ಒಟ್ಟಿಗೆ ಸೇರಿಸಿ "ನಿಮಗೆಲ್ಲ ನಮಸ್ಕಾರ" ಎಂದು ದೊಪ್ಪನೆ ಸತ್ತ. ಸುರಿದ ರಾಕಿ ಸಾರಾಯಿ ಲೋಟದಲ್ಲಿ ಇನ್ನೂ ಅಲುಗಾಡುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಹೆಂಗಸರಲ್ಲಿ ಇಬ್ಬರು ತಮಗರಿಯದೆ ಕೈಕೈ ಹಿಡಿದು ಕುಣಿಯತೊಡಗಿದ್ದರು.

ಸಾಡೊನ ಮೀಸೆ ನಡುಗಿತು. "ಏನ್ ಭಾವ ಇದು? ವೀರನ್ನ ಸಾಯಿಸ್ತಿದೀವಾ, ಕೋಳಿ ಕೊಯ್ತಿದೀವಾ?"

"ನಾನೇನ್ ಮಾಡ್ಲಿ ಭಾವ, ನೀವೇ ಕೈ ಎತ್ತಿ ಹಾಕ್ಸಿದ್ದು!"

"ಶ್ರುತಿ ಬಾಳ್ಲಿ ಅಂತ ಹಾಕ್ಸಿದ್ದು. ತಾಳ ಹಾಕು ಅಂತ ಯಾರ್ ಹೇಳಿದ್ರು? ಕ್ರೋಯಿಜಿಯೋರ ಮುಂದೆ ಹಿಂಗೆ ಹಾಡಿದ್ರೆ ಅವರು ಎದ್ದು ನಿಂತು ಚಪ್ಪಾಳೆ ತಟ್ತಾರೆ. ನನ್ನ ಮಗನ ಮದುವೇಲಿ ಚಪ್ಪಾಳೆ!"

"ಬಾಯಿ ಸ್ವಲ್ಪ ಮುಚ್ಕೊಂಡು..."

"ಬಾಯಿ ಮುಚ್ಕೊಂಡು ಶ್ರುತಿ ಹಿಡಿಯೋಕೆ ನೀನೇನು ಜೇನುಗೂಡಾ?"

ತೀರ್ಮಾನವಾಯಿತು. ಮದುವೆಯಲ್ಲಿ ರಾಪೊನ ಜಾಗಕ್ಕೆ ಚೆಲೊ. ರಾಪೊ ರಾಕಿಯ ಹೂಜಿ ಹಿಡಿದು ಸುತ್ತ ಬಡಿಸಲಿ. ಮದುವೆಯ ಹಾಡು ಮುಗಿದ ಮೇಲೆ ಬಳೆಯಲ್ಲಿ ಅವನ ಜಾಗವೂ ಮುಗಿದಂತೆ. ಚೆಲೊ ಆಗಲೇ ಬಂದು, ಆ ಜಾಗದಲ್ಲಿ ಪೃಷ್ಠ ಊರಿ, ಹಿಡಿಸುತ್ತದೆಯೇ ಎಂದು ಎಡಕ್ಕೆ ಬಲಕ್ಕೆ ಅಲುಗಾಡಿಸಿ ನೋಡಿದ.

ರಾಪೊ ಮನೆಗೆ ಹೋದವನೇ ತಿರಾನಾಕ್ಕೆ ಫೋನು ಹಚ್ಚಿದ.

"ಡಾಕ್ಟರಮ್ಮ, ಇದಕ್ಕೆ ಸ್ವಲ್ಪ ಎಣ್ಣೆ ಬಿಡೋಕಾಗುತ್ತಾ?"

"ಯಾಕೆ, ಏನಾಯ್ತು? ಸದ್ದು ಮಂಕಾಗಿದೆಯಾ?"

"ಮಂಕಾ? ಆಚೆ ಬೆಟ್ಟದಲ್ಲಿ ಕೇಳಿಸ್ತಿದೆ."

"ಹಾಗಾದ್ರೆ ಬಹಳ ಒಳ್ಳೇದು," ಎಂದಳು ಡಾಕ್ಟರಮ್ಮ. "ಟಿಕ್ಕು ಗರಿಗರಿ ಇದ್ರೆ ವಾಲ್ವ್ ಚೆನ್ನಾಗಿದೆ ಅಂತ. ಅದು ಮಂಕಾದ್ರೆ, ಕೇಳಿಸದೇ ಹೋದ್ರೆ, ಆಗ ಒಂದು ಕ್ಷಣ ತಡ ಮಾಡದೆ ಓಡಿ ಬನ್ನಿ. ಮಾತ್ರೆ ಮಾತ್ರ ಬಿಡಬೇಡಿ."

ರಾಪೊ ಫೋನು ಕೆಳಗಿಟ್ಟ. ಸದ್ದಿದ್ದರೆ ಬಳೆಯಲ್ಲಿ ಜಾಗವಿಲ್ಲ, ಸದ್ದು ಹೋದರೆ ಭೂಮಿಯ ಮೇಲೇ ಜಾಗವಿಲ್ಲ. ಆ ದಿನ ಅವನು ಹಾನ್ಕೊ ಮುಂದಿಟ್ಟ ಬ್ಯೂರೆಕ್ಕನ್ನು ಮುಟ್ಟಲಿಲ್ಲ.

"ತಿನ್ನೋ. ಸೊಪ್ಪಿನ ಲೆಕ್ಕ ತಪ್ಪುತ್ತೆ."

"ಲೆಕ್ಕ ಇಟ್ಕೊಂಡು ಏನ್ ಮಾಡ್ಲಿ? ಹೂಜಿ ಹಿಡಿಯೋಕೆ ಹೃದಯ ಯಾಕೆ ಬೇಕು, ಕೈ ಇದ್ರೆ ಸಾಕು."

ಹಾನ್ಕೊ ಅಣ್ಣನ ಮನೆಗೆ ಮದುವೆಯ ರೊಟ್ಟಿ ಬೇಯಿಸಲು ಹೋದಾಗ ಅವನ ಪಾಲಿನ ರೊಟ್ಟಿಯನ್ನು ಮಾತ್ರ ಕರಕಲು ಮಾಡಿದಳು.

ಮದುವೆಯ ದಿನ ನೆತ್ತಿಯ ಮೇಲೆ ಸೂರ್ಯ. ಅಂಗಳದಲ್ಲಿ ಸರಳಿಗೆ ಚುಚ್ಚಿದ ಕುರಿಮರಿಗಳ ಸಾಲು. ಅವುಗಳ ಹೊಗೆಗೆ ವ್ಲೋರಾದಲ್ಲಿ ಮೋಡ ಕವಿದಿತ್ತೆಂದು ಹೇಳುತ್ತಾರೆ. ಒಂದು ಕಡೆ ನಮ್ಮವರ ಬಳೆ, ಎದುರಿಗೆ ಕ್ರೋಯಿಜಿಯವರ ಬಳೆ. ಅವರ ಹಿರಿಯ ಬೇಗೊ ತಾತ, ಬಿಳಿ ಉಣ್ಣೆಯ ಟೋಪಿ, ಹದ್ದಿನ ಮೂಗು, ಹುಟ್ಟಿನಿಂದ ಯಾವುದನ್ನೂ ಒಳ್ಳೆಯದೆಂದು ಒಪ್ಪದ ಮುಖ. ಕಟ್ಟಳೆಯಂತೆ ಮೊದಲು ಗಂಡಿನ ಕಡೆಯವರ ಹಾಡು, ಅದು ಮುಗಿದ ಮೇಲೆ ಹೆಣ್ಣಿನ ಕಡೆಯವರ ಉತ್ತರ, ಆಮೇಲೆ ಊಟ.

ಸಾಡೊ ಹಾಡು ಎತ್ತಿದ. ವೀರ ಗುಂಡು ತಿಂದ. ಶ್ರುತಿಯವರು ‘ಏ’ ಎಂದರು. ನಡುವೆ ಚೆಲೊನ ‘ಏ’ ಕಟ್ಟಿಹಾಕಿದ ಕರುವಿನಂತೆ ಕೇಳುತ್ತಿತ್ತು. ಹೋಗಲಿ, ಕರುವಾದರೂ ನಿಲ್ಲದೆ ಕೂಗಿದರೆ ಸಾಕಿತ್ತು. ಆದರೆ ಚೆಲೊನಿಗೆ ಉಸಿರು ಕದಿಯುವುದು ಗೊತ್ತಿರಲಿಲ್ಲ. ಪಕ್ಕದವನು ಉಸಿರೆಳೆದದ್ದು ನೋಡಿ ತಾನೂ ಎಳೆದ. ಅವನನ್ನು ನೋಡಿ ಅವನಾಚೆಯವನೂ ಎಳೆದ. ವೀರ ತಾಯಿಯನ್ನು ಕರೆಯುತ್ತಿದ್ದಾಗ ಅವನ ಕೆಳಗಿನ ನೆಲವೇ ಕುಸಿದುಹೋಯಿತು. ಬೇಗೊ ತಾತ ಪಕ್ಕದವನ ಪಕ್ಕೆಗೆ ತಿವಿದ. ಕ್ರೋಯಿಜಿಯವರ ತುಟಿಗಳ ಮೇಲೆ ಒಂದು ನಗು ಎಡದಿಂದ ಬಲಕ್ಕೆ ಹರಿದಾಡಿತು.

ರಾಪೊ ಬಳೆಯ ಹಿಂದೆಯೇ ಹೂಜಿ ಹಿಡಿದು ನಿಂತಿದ್ದ. ಬಾಯಿ ತೆರೆಯಬೇಕೆಂದು ಅವನು ಯೋಚಿಸಿದವನೇ ಅಲ್ಲ. ಬಿದ್ದ ಕಲ್ಲಿಗೆ ಕೈಕೊಡುವಂತೆ ಅವನ ಬಾಯಿ ತಾನೇ ತೆರೆಯಿತು. ‘ಏ’ ಎಂಬುದು ಹೊರಟು, ತೂತನ್ನು ಮುಚ್ಚಿ, ಅಂಗಳವನ್ನು ತುಂಬಿ, ಸರಳಿನ ಮೇಲಿನ ಕುರಿಮರಿಗಳನ್ನು ಅರ್ಧ ಸುತ್ತು ತಿರುಗಿಸಿತು.

ಹಾಡಿನ ನಡುವೆ ಸಾಡೊ ಏನು ಮಾಡಬಲ್ಲ? ಕಣ್ಣಲ್ಲೇ ಬೈದ. ಪೆಂಬೆ ಅಜ್ಜಿ ಎದ್ದು ಬಂದು ಚೆಲೊನ ಕಿವಿ ಹಿಡಿದು ಎಬ್ಬಿಸಿ, ರಾಪೊನ ಕೈಯಿಂದ ಹೂಜಿ ಕಸಿದು ಚೆಲೊನಿಗೆ ಕೊಟ್ಟು, ರಾಪೊನನ್ನು ಜಾಗದಲ್ಲಿ ಕೂರಿಸಿ ಹೋದಳು.

ಟಿಕ್. ಟಿಕ್. ಟಿಕ್.

ಬೇಗೊ ತಾತನ ಹುಬ್ಬು ಏರಿತು. ರಾಪೊನಿಗೆ ಗಾಬರಿ. ಟಿಕ್ಕು ಓಡತೊಡಗಿತು, ಎಸೆಯುವವನು ಓಡತೊಡಗಿದ, ವೀರ ಕುದುರೆಯ ಕಡೆ ತಿರುಗಿ ತಡವರಿಸಿದ. ಆದರೆ ಈ ಸಲ ಸಾಡೊ ಓಡಲಿಲ್ಲ. ಅವನ ಮಗನ ಮದುವೆ, ಅವನ ಮೀಸೆ, ಅವನ ವೀರ. ಕುದುರೆಯ ಹೆಸರಿನ ಮೊದಲ ಅಕ್ಷರ ಹಿಡಿದು ಎಳೆದ. ಎಳೆದ. ಮುಖ ಕೆಂಪಾಯಿತು, ನೇರಳೆಯಾಯಿತು, ಆದರೂ ಎಳೆದ. ರಾಪೊನಿಗೆ ಬೇರೆ ದಾರಿಯಿರಲಿಲ್ಲ. ಎತ್ತುವವನು ಎಷ್ಟು ಉದ್ದಕ್ಕೆ ಎಳೆಯುತ್ತಾನೋ ಶ್ರುತಿಯವನು ಅಷ್ಟುದ್ದಕ್ಕೆ ಹಾಸಬೇಕು. ಅವನೂ ಉಸಿರನ್ನು ಉದ್ದಕ್ಕೆ, ಮೆಲ್ಲಗೆ, ಹೊಟ್ಟೆಯ ತಳದಿಂದ ಬಿಟ್ಟ. ಉಸಿರು ಅಷ್ಟು ನಿಧಾನವಾದರೆ ಹೃದಯವೊಂದೇ ಎಲ್ಲಿಗೆ ಓಡೀತು? ಟಿಕ್ಕು ಕಾಲೆಳೆಯಿತು. ಒಂದು ಟಿಕ್ಕಿಗೂ ಇನ್ನೊಂದಕ್ಕೂ ನಡುವೆ ಜಾಗ ಅಗಲವಾಯಿತು, ಹೊಲದಷ್ಟಾಯಿತು, ಕಣಿವೆಯಷ್ಟಾಯಿತು. ಆ ಜಾಗದಲ್ಲಿ ವೀರ ಕುದುರೆಯ ಕೊರಳು ತಬ್ಬಿಕೊಂಡು ಸಾವಕಾಶವಾಗಿ ಎಲ್ಲ ಹೇಳಿದ. ಬೆಟ್ಟಗಳಿಗೆ ಹೆಸರು ಹಿಡಿದು ಹೇಳಿದ. ಕ್ರೋಯಿಜಿಯ ಬೆಟ್ಟಕ್ಕೂ ಹೇಳಿದ. ಹೆಂಗಸರು ತಲೆವಸ್ತ್ರದ ತುದಿಯಲ್ಲಿ ಮೂಗು ಒರೆಸಿಕೊಂಡರು. ಮದುಮಗಳು ಅತ್ತ ನೀರಿಗೆ ಅಂಗಳದ ಧೂಳು ಅಡಗಿತು.

ವೀರ ಸತ್ತ. ಸಾಡೊ ನಿಲ್ಲಿಸಿದ. ಶ್ರುತಿಯವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಕೊನೆಗೆ ರಾಪೊನೂ ‘ಏ’ಯನ್ನು ಕೆಳಗಿಟ್ಟು, ದಣಿದು, ಬಾಯಿ ತೆರೆದುಕೊಂಡು ಕುಳಿತ.

ಅಂಗಳ ಮೌನವಾಯಿತು. ಟಿಕ್. ಟಿಕ್. ಟಿಕ್.

ಸಾಡೊ ಬೆವರು ಒರೆಸಿಕೊಂಡ. "ಚೆನ್ನಾಗಿ ಹಿಡಿದೆ ಭಾವ. ನಿಜ ಹೇಳ್ತೀನಿ, ಚೆನ್ನಾಗಿ ಹಿಡಿದೆ. ಆದ್ರೆ ಮಾತು ಮಾತೇ. ಹಾಡು ಮುಗೀತು, ಏಳು."

ರಾಪೊ ನೆಲಕ್ಕೆ ಕೈ ಊರಿ ಏಳಹೊರಟ.

"ಯಾರೋ ಅದು ಮುಗೀತು ಅಂದಿದ್ದು?" ಪೆಂಬೆ ಅಜ್ಜಿಯ ದನಿ. "ಶ್ರುತಿ ಹಿಡಿದೋರಲ್ಲಿ ಕೊನೆಯೋನು ಪೂರಾ ಸುಮ್ಮನಾಗೋವರೆಗೂ ಹಾಡು ಮುಗಿಯಲ್ಲ. ಮುಗಿಯದ ಹಾಡಿಂದ ಯಾರನ್ನೂ ಎಬ್ಬಿಸೋ ಹಾಗಿಲ್ಲ. ಇವನೆಲ್ಲಿ ಸುಮ್ಮನಾಗಿದಾನೆ? ಕಿವಿ ಇಲ್ವಾ ನಿಂಗೆ?"

"ಅಜ್ಜೀ, ಅದು ಯಂತ್ರ!"

"ಅವನ ಬಾಯಿಂದ ತಾನೇ ಬರ್ತಿರೋದು?"

ಕ್ರೋಯಿಜಿಯ ಕಡೆಯಿಂದ ಬೇಗೊ ತಾತ ತಡೆಯಲಾರದೆ ಕೂಗಿದ: "ಏನ್ರೋ ಇದು? ನೀವು ಮುಗಿಸಿದ್ರೆ ತಾನೇ ನಾವು ಎತ್ತೋದು! ಅವನ್ನ ಎಬ್ಬಿಸ್ರೋ, ಬೇಗ ಎಬ್ಬಿಸಿ, ನಮ್ಮ ಗಂಟಲು ಒಣಗ್ತಿದೆ!"

ಸಾಡೊ ಬೇಗೊ ತಾತನನ್ನು ನೋಡಿದ. ರಾಪೊನನ್ನು ನೋಡಿದ. ಮತ್ತೆ ಬೇಗೊ ತಾತನನ್ನು ನೋಡಿದ. ಅವನ ತಲೆಯೊಳಗೆ ಬೆಳಕು ಬಿದ್ದದ್ದು ಮೀಸೆಯ ಎರಡೂ ತುದಿಯಲ್ಲಿ ಕಾಣಿಸಿತು. ಕ್ರೋಯಿಜಿಯವರು ಹಾಡದ ಮದುವೆ! ಅವನ ಅಪ್ಪ, ಅಜ್ಜ, ಮುತ್ತಜ್ಜ ಕನಸಿನಲ್ಲೂ ಕಾಣದ ಭಾಗ್ಯ!

ರಾಪೊನ ಎರಡೂ ಭುಜ ಹಿಡಿದು ಮೆಲ್ಲಗೆ ಕೆಳಗೆ ಕೂರಿಸಿದ. "ಕೂತ್ಕೋ ಭಾವ, ಕೂತ್ಕೋ. ಯಾರ್ ಏಳು ಅಂದಿದ್ದು? ಬಾಯಿ ತೆರಿ. ಇನ್ನೂ ದೊಡ್ಡದಾಗಿ ತೆರಿ. ಹಾಂ, ಹಂಗೆ. ಹಾನ್ಕೊ, ಇವನ ಮಾತ್ರೆ ತಂದಿದೀಯ ತಾನೇ? ಹೊತ್ತಿಗೆ ಸರಿಯಾಗಿ ಕೊಡಮ್ಮ!"

"ಇದು ಮೋಸ!" ಎಂದ ಬೇಗೊ ತಾತ.

"ಹಂಗಾದ್ರೆ ಬಂದು ಕೇಳಿ ನೋಡು ತಾತ."

ಬೇಗೊ ತಾತ ಎದ್ದು, ಅಂಗಳ ದಾಟಿ ಬಂದು, ಟೋಪಿ ಸರಿಸಿ ರಾಪೊನ ಬಾಯಿಯ ಹತ್ತಿರ ಕಿವಿಯಿಟ್ಟ. ಬಹಳ ಹೊತ್ತು ಕೇಳಿದ.

"ಎಷ್ಟು ಹೊತ್ತು ಇರುತ್ತೆ ಇದು?"

"ನನಗೇನ್ ಗೊತ್ತು ತಾತ," ಎಂದ ರಾಪೊ, ಬಾಯಿ ಮುಚ್ಚದಂತೆ ಜೋಪಾನವಾಗಿ. "ನಾನು ಇರೋವರೆಗೂ ಇರುತ್ತೆ."

ಸರಳಿನ ಮೇಲೆ ಕುರಿಮರಿಗಳು ಕರಕಲಾಗುತ್ತಿದ್ದವು. ಹಾಡು ಮುಗಿಯದೆ ಊಟವಿಲ್ಲ, ಮುಗಿಯದ ಹಾಡಿಗೆ ಉತ್ತರವಿಲ್ಲ. ಹಾಗಂತ ಹಾಡದೆ ಮನೆಗೆ ಹೋದರೆ ಕ್ರೋಯಿಜಿಯಲ್ಲಿ ಹೆಂಡಂದಿರು ಬಾಗಿಲು ತೆರೆಯುವುದಿಲ್ಲ. ಬೇಗೊ ತಾತ ಆಕಾಶ ನೋಡಿದ, ಕುರಿ ನೋಡಿದ, ಪೆಂಬೆ ಅಜ್ಜಿಯನ್ನು ನೋಡಿದ.

"ನಡೀತಿರೋ ಹಾಡಿಗೆ ಹೊರಗಿನೋರು ಬಂದು ಸೇರಬಹುದಾ?"

"ಭುಜ ಇದ್ದೋರೆಲ್ಲ ಸೇರಬಹುದು," ಎಂದಳು ಅಜ್ಜಿ. "ಊಟವನ್ನೂ ಕೂತಲ್ಲಿಗೇ ತರಿಸ್ತೀನಿ. ಹಾಡ್ತಾ ತಿನ್ನಿ."

ಬೇಡ ಬೇಡವೆಂದು ಗೊಣಗುತ್ತಲೇ ಬೇಗೊ ತಾತ ರಾಪೊನ ಎಡಕ್ಕೆ ಕುಳಿತ. ಕ್ರೋಯಿಜಿಯವರು ಒಬ್ಬೊಬ್ಬರಾಗಿ ಎದ್ದು ಬಂದು ನಮ್ಮವರ ಭುಜಗಳ ನಡುವೆ ತೂರಿಕೊಂಡರು. ಬಳೆ ಹಿಗ್ಗಿ ಅಂಗಳದ ಗೋಡೆಗೆ ತಾಗಿತು, ಬಾಗಿಲು ದಾಟಿ ಬೀದಿಗಿಳಿಯಿತು, ಚಿನಾರ್ ಮರವನ್ನು ಸುತ್ತಿ ಹಿತ್ತಲಿನಿಂದ ಮತ್ತೆ ಒಳಗೆ ಬಂತು. ಹೂಜಿ ಹಿಡಿದ ಚೆಲೊ ರಾಕಿ ಸುರಿಯುತ್ತಾ ಒಂದು ಸುತ್ತು ಮುಗಿಸುವಷ್ಟರಲ್ಲಿ ಅವನ ಗಡ್ಡ ಬೆಳೆದಿತ್ತು.

"ಮೆಲ್ಲಗೆ! ಒತ್ತಬೇಡಿ ಅವನ್ನ, ಎದೆಗೆ ತಂತಿ ಹಾಕಿದಾರೆ!" ಎಂದು ಹಾನ್ಕೊ ಸಲಾಕೆ ಬೀಸಿದಳು.

ಸಾಡೊ ಮತ್ತೆ ಎತ್ತಿದ. ‘ಏ’ ಎಂದವು ಎರಡು ಊರಿನ ಗಂಟಲುಗಳು. ರಾಪೊ ಒಂದಿಷ್ಟು ಹೊತ್ತು ಹಿಡಿದ. ಆಮೇಲೆ, ತನ್ನ ಜೀವಮಾನದಲ್ಲಿ ಮೊದಲ ಸಲ, ಕದಿಯದೆ, ಯಾರ ಕಡೆಗೂ ನೋಡದೆ, ಸಾವಕಾಶವಾಗಿ ಎದೆ ತುಂಬ ಉಸಿರೆಳೆದುಕೊಂಡ. ಒಂದು ತುಂಡು ಕುರಿಮಾಂಸವನ್ನು ಕೈಗೆತ್ತಿಕೊಂಡು ಅಗಿದ, ನುಂಗಿದ, ಬೆರಳು ಒರೆಸಿಕೊಂಡ. ಶ್ರುತಿ ಎಲ್ಲಿಯೂ ತೂತಾಗಿರಲಿಲ್ಲ. ಎಡಗಡೆಯಿಂದ ಬೇಗೊ ತಾತ, ಹಾಡುತ್ತಲೇ, ಕಣ್ಣಲ್ಲಿ ಗದರಿಸಿದ: ಸಾಕು, ಇನ್ನು ಬಾಯಿ ತೆರಿ.